ಮಂಗಳನಿಗೆ ಎಷ್ಟು ದೂರ?

ಮೈಲಿಗಲ್ಲುಗಳ ನಡುವೆ ಬೆಳೆದ ನಮಗೆ ಊರಿಂದೂರಿಗಿರುವ ಅಂತರ ಇಂದಿಗೂ ನಾಳೆಗೂ ಒಂದೇ ಎಂಬ ನಂಬಿಕೆಯು ಎಷ್ಟು ಸಹಜವಾಗಿದೆಯೆಂದರೆ, ಮಂಗಳಗ್ರಹ ಎಷ್ಟು ದೂರದಲ್ಲಿದೆಯೆಂದು ಕೇಳಿದಾಗ 'ಯಾವ ದಿನ?' ಎಂಬ ಮರುಪ್ರಶ್ನೆಯನ್ನು ನಾವು ನಿರೀಕ್ಷಿಸಿರುವುದಿಲ್ಲ. ಆದರೆ ಖಗೋಳಜ್ಞನು ಮೊದಲು ಕೇಳುವುದು ಅದನ್ನೇ.

ಭೂಮಿಯು ಸೂರ್ಯಪ್ರದಕ್ಷಿಣೆಯನ್ನು 365 ದಿನಗಳಲ್ಲಿ ಮುಗಿಸಿದರೆ, ಹೊರಗಿನ ಕಕ್ಷೆಯಲ್ಲಿ ಮೆಲ್ಲನೆ ಸಾಗುವ ಮಂಗಳನಿಗೆ 687 ದಿನಗಳು ಬೇಕು. ಆದುದರಿಂದ ಸುಮಾರು 780 ದಿನಗಳಿಗೊಮ್ಮೆ ಭೂಮಿಯು ಅವನನ್ನು ಹಿಂದಿಕ್ಕುವುದು. ಆಗ ಸೂರ್ಯ, ಭೂಮಿ, ಮಂಗಳ ಮೂವರೂ ಒಂದೇ ಸಾಲಿಗೆ ಬರುವರು. ಸೂರ್ಯನು ಪಡುವಣದಲ್ಲಿ ಮುಳುಗುತ್ತಿರುವಂತೆಯೇ ಮೂಡಣದಲ್ಲಿ ಕೆಂಡದಂತೆ ಮೂಡುವ ಕುಜನು ಇರುಳೆಲ್ಲ ಬೆಳಗುವನು. ಪಂಚಾಂಗದಲ್ಲಿ 'ಕುಜ ವಕ್ರ' ಎಂದು ನಮೂದಾಗುವುದು ಈ ಸಾಮೀಪ್ಯದ ದಿನಗಳಲ್ಲಿಯೇ. ಒಂದು ವರ್ಷದ ಮೇಲೆ ಅವನು ಸೂರ್ಯನ ಆಚೆಬದಿಗೆ ಸರಿದು, 40 ಕೋಟಿ ಕಿಲೋಮೀಟರಿನವರೆಗೂ ದೂರವಾಗಿ, ಸಂಜೆಯ ಬೆಳಕಿನಲ್ಲಿ ಕರಗುವನು. ಅದಕ್ಕೆ ಪಂಚಾಂಗದವರು ಇಟ್ಟ ಹೆಸರು 'ಅಸ್ತ'.

ಸಾಮೀಪ್ಯವಾದರೂ ಪ್ರತಿಸಲವೂ ಒಂದೇ ತೆರನಲ್ಲ. ಟೈಕೋ ಬ್ರಾಹೆಯು ಬರಿಗಣ್ಣಿನಿಂದಲೇ ನಡೆಸಿದ ವೇಧಗಳನ್ನು ವರ್ಷಗಟ್ಟಲೆ ಗಣಿಸಿದ ಕೆಪ್ಲರನು, ಮಂಗಳನ ಕಕ್ಷೆಯು ವೃತ್ತವಲ್ಲ, ದೀರ್ಘವೃತ್ತವೆಂದು 1609ರಲ್ಲಿ ಪ್ರಕಟಿಸಿದನು. ಸೂರ್ಯನಿಂದ ಅವನಿಗಿರುವ ದೂರವು 20.7 ಕೋಟಿಯಿಂದ 24.9 ಕೋಟಿ ಕಿಲೋಮೀಟರುಗಳ ನಡುವೆ ಏರಿಳಿಯುವುದರಿಂದ, ಅವನು ಸೂರ್ಯನ ಸಮೀಪದಲ್ಲಿರುವಾಗಲೇ ಭೂಮಿಯು ಪಕ್ಕಕ್ಕೆ ಬಂದರೆ ನಮ್ಮಿಬ್ಬರ ಅಂತರ ಅತ್ಯಲ್ಪವಾಗುವುದು. 2003ರ ಆಗಸ್ಟ್ 27ರಂದು ಅದು 5.58 ಕೋಟಿ ಕಿಲೋಮೀಟರಿಗೆ ಇಳಿದಿತ್ತು. ಹಿಂದಿನ ಸುಮಾರು 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಅವನು ಬಂದಿರಲಿಲ್ಲ. 2012ರ ಮಾರ್ಚಿನಲ್ಲಾದರೋ, ಅವನು ಹತ್ತಿರ ಬಂದನೆಂಬ ದಿನದಲ್ಲಿಯೂ ನಡುವೆ 10 ಕೋಟಿ ಕಿಲೋಮೀಟರು ಉಳಿದೇ ಇತ್ತು.

ಈ ಅಂತರದ ಅರ್ಥ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರಿಗೆ 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಚೆನ್ನಾಗಿ ತಿಳಿದಿತ್ತು. ಮಂಗಳಯಾನ ನೌಕೆಯು ಕುಜನ ಕಕ್ಷೆಯನ್ನು ಸೇರುತ್ತಿದ್ದ ಆ ಹೊತ್ತಿನಲ್ಲಿ ನಡುವಿನ ದೂರ ಸುಮಾರು 22 ಕೋಟಿ ಕಿಲೋಮೀಟರು. ಬೆಳಕಿನ ವೇಗದಲ್ಲಿ ಹೊರಟ ಸಂಕೇತವೂ ಭೂಮಿಯನ್ನು ಮುಟ್ಟಲು 12 ನಿಮಿಷಗಳಿಗೂ ಹೆಚ್ಚು ಹಿಡಿಯುತ್ತಿದ್ದುದರಿಂದ, ಮಾಡಬೇಕಾದ ಕೆಲಸವನ್ನೆಲ್ಲ ನೌಕೆಗೆ ಮೊದಲೇ ಹೇಳಿಟ್ಟು, ಆಗಿಹೋದುದರ ಸುದ್ದಿಗಾಗಿ ಕಾದು ಕೂರುವುದೊಂದೇ ಉಳಿದಿತ್ತು. ಅದೇ ಸಂಕೇತಕ್ಕೆ 2003ರ ಆ ದಿನ 3 ನಿಮಿಷ ಸಾಕಾಗುತ್ತಿತ್ತು. ಅತಿ ದೂರದಲ್ಲಿ 22 ನಿಮಿಷ ಬೇಕು.

ಮಂಗಳನನ್ನು ಮತ್ತೆ ಹತ್ತಿರದಿಂದ ಕಾಣಬಯಸುವವರು 2035ರ ಸೆಪ್ಟೆಂಬರನ್ನು ನೆನಪಿನಲ್ಲಿಡಬೇಕು: ಆಗ ಅವನು 5.7 ಕೋಟಿ ಕಿಲೋಮೀಟರಿನಷ್ಟು ಸಮೀಪಕ್ಕೆ ಬರುವನು.