ಹಳೇ ಹೊಲಿಗೆ ಯಂತ್ರದಲ್ಲಿ ಹೊಲಿಗೆ ಏರುಪೇರಾಗುತ್ತಿದೆಯೇ? ಗುಜರಿಗೆ ಹಾಕುವ ಮುನ್ನ ಇಷ್ಟು ನೋಡಿ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಫ್ಲ್ಯಾಟ್‌ಗಳಲ್ಲಿ ಅಜ್ಜಿಯ ಅಥವಾ ಅತ್ತೆಯ ಕಾಲದ ಕಪ್ಪು ಹೊಲಿಗೆ ಯಂತ್ರಗಳು ಈಗಲೂ ಕಾಣಸಿಗುತ್ತವೆ. ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಾಕಿ ನಾಲ್ಕು ಕಾಸು ಸಂಪಾದಿಸುವವರಿಗೆ ಅದೇ ಆಧಾರ. ಗಣೇಶ ಚತುರ್ಥಿ, ನವರಾತ್ರಿ ಹತ್ತಿರ ಬಂದಾಗಲೇ ಹೊಲಿಗೆ ಒಂದು ಕಡೆ ಸಣ್ಣದು, ಇನ್ನೊಂದು ಕಡೆ ದೊಡ್ಡದಾಗತೊಡಗಿದರೆ ಗಿರಾಕಿಯ ಬಟ್ಟೆಯೂ ಹಾಳು, ನಂಬಿಕೆಯೂ ಹಾಳು. ‘ಇದರ ಕಾಲ ಮುಗಿಯಿತು, ಭಂಗಾರದವರಿಗೆ ಕೊಟ್ಟುಬಿಡೋಣ’ ಎಂಬ ಮಾತು ಹುಟ್ಟುವುದೂ ಆಗಲೇ.

ಆದರೆ ಅವಸರ ಬೇಡ. ಕೋಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ಯಂತ್ರ ತಯಾರಿಸಲು ಆರಂಭಿಸುವವರೆಗೆ ಭಾರತದ ಮಾರುಕಟ್ಟೆಯಲ್ಲಿ ಅಮೆರಿಕದ ಸಿಂಗರ್‌ನದ್ದೇ ಕಾರುಬಾರು. ಈ ಹಳೇ ಯಂತ್ರಗಳ ಮುಖ್ಯ ಭಾಗಗಳು ಎರಕದ ಕಬ್ಬಿಣ ಮತ್ತು ಉಕ್ಕಿನವು, ಸುಲಭಕ್ಕೆ ಸವೆಯುವುದಿಲ್ಲ. ಹೊಲಿಗೆ ಕೆಡಲು ಹೆಚ್ಚಾಗಿ ಸಣ್ಣಪುಟ್ಟ ಕಾರಣಗಳೇ ಇರುತ್ತವೆ.

ಮೊದಲು ಸೂಜಿ ಬದಲಿಸಿ

ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಮೊದಲ ಅನುಮಾನ ಸೂಜಿಯ ಮೇಲೆ. ಕಣ್ಣಿಗೆ ಕಾಣದಷ್ಟು ಬಾಗಿದ್ದರೂ, ತುದಿ ಮೊಂಡಾಗಿದ್ದರೂ ಕೆಳಗಿನ ಶಟಲ್‌ಗೆ ದಾರ ಸಿಗುವುದಿಲ್ಲ. ಹೊಸ ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಯಿರಿ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗೀರು ಇರುತ್ತದೆ. ದಾರವನ್ನು ಆ ಬದಿಯಿಂದಲೇ ಪೋಣಿಸಬೇಕು. ತೆಳು ರೇಷ್ಮೆ, ಜಾರ್ಜೆಟ್‌ಗೆ 11, ಸಾಮಾನ್ಯ ಹತ್ತಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16ನೇ ನಂಬರ್ ಸೂಜಿ ಬಳಸಿ. ಕಲ್ಯಾಣದ ಪಕ್ಕದ ಉಲ್ಲಾಸನಗರದಲ್ಲಿ ಜೀನ್ಸ್ ಹೊಲಿಯುವುದು ಕಾರ್ಖಾನೆಯ ದೊಡ್ಡ ಯಂತ್ರಗಳಲ್ಲಿ. ಅಂಥ ಬಟ್ಟೆಯ ನಾಲ್ಕೈದು ಮಡಿಕೆಯನ್ನು ಮನೆಯ ಯಂತ್ರಕ್ಕೆ ಕೊಟ್ಟರೆ ಸೂಜಿ ಬಾಗುವುದು ಸಹಜ.

ಎರಡು ಬಣ್ಣದ ದಾರದ ಪರೀಕ್ಷೆ

ಮೇಲಿನ ದಾರ ಮತ್ತು ಬಾಬಿನ್ ದಾರ ಬಟ್ಟೆಯ ಪದರಗಳ ನಡುವೆ ಹೆಣೆದುಕೊಂಡರೆ ಅದು ಸರಿಯಾದ ಹೊಲಿಗೆ. ಇದನ್ನು ತಿಳಿಯಲು ಮೇಲೆ ಕೆಂಪು, ಬಾಬಿನ್‌ನಲ್ಲಿ ಬಿಳಿ ದಾರ ಹಾಕಿ, ಎರಡು ಪದರದ ಹತ್ತಿ ಬಟ್ಟೆಯ ಮೇಲೆ ಹೊಲಿದು ನೋಡಿ.

* ಬಟ್ಟೆಯ ಅಡಿಯಲ್ಲಿ ಕೆಂಪು ದಾರ ಕುಣಿಕೆಯಾಗಿ ಕಂಡರೆ ಮೇಲಿನ ದಾರ ಸಡಿಲ ಅಥವಾ ತಪ್ಪಾಗಿ ಪೋಣಿಸಲಾಗಿದೆ.
* ಮೇಲ್ಭಾಗದಲ್ಲಿ ಬಿಳಿ ದಾರ ಕಂಡರೆ ಮೇಲಿನ ದಾರ ಅತಿ ಬಿಗಿ ಅಥವಾ ಬಾಬಿನ್ ದಾರ ಸಡಿಲ.

ಬಟ್ಟೆ ಒತ್ತುವ ಪಾದವನ್ನು ಎತ್ತಿಟ್ಟೇ ದಾರ ಪೋಣಿಸಿ. ಆಗ ಮಾತ್ರ ಟೆನ್ಶನ್ ಬಿಲ್ಲೆಗಳು ತೆರೆದುಕೊಂಡು ದಾರ ಒಳಗೆ ಕೂರುತ್ತದೆ. ಆ ಬಿಲ್ಲೆಗಳ ನಡುವೆ ಸಿಕ್ಕಿಕೊಂಡ ದಾರದ ಚೂರನ್ನು ತೆಗೆದರೇ ಅರ್ಧ ಸಮಸ್ಯೆ ಮುಗಿಯಬಹುದು. ಬಾಬಿನ್ ಕೇಸನ್ನು ದಾರದಿಂದ ತೂಗಾಡಿಸಿದಾಗ ಅದು ನಿಲ್ಲಬೇಕು, ಮೆಲ್ಲಗೆ ಜಗ್ಗಿದರೆ ಸ್ವಲ್ಪ ಇಳಿಯಬೇಕು. ಹಾಗಾಗದಿದ್ದರೆ ಮಾತ್ರ ಅದರ ಪುಟ್ಟ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಜಾಸ್ತಿ ತಿರುಗಿಸಿದರೆ ಸ್ಕ್ರೂ ಕಳಚಿ ಬಿದ್ದೀತು.

ಬಟ್ಟೆ ಸರಿಯಾಗಿ ಮುಂದೆ ಸಾಗುತ್ತಿದೆಯೇ?

ಹೊಲಿಗೆಯ ಉದ್ದ ಹೆಚ್ಚುಕಡಿಮೆಯಾಗುತ್ತಿದ್ದರೆ ಬಟ್ಟೆಯನ್ನು ಎಳೆಯುವ ಕೆಳಗಿನ ಹಲ್ಲುಗಳನ್ನು ನೋಡಿ. ಸೂಜಿ ತಟ್ಟೆ ಬಿಚ್ಚಿ, ಹಲ್ಲುಗಳ ನಡುವೆ ಗಟ್ಟಿಯಾಗಿ ಕುಳಿತ ನೂಲಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಪಾದದ ಒತ್ತಡ ಕಡಿಮೆಯಿದ್ದರೂ, ಬೆಲ್ಟ್ ಸಡಿಲವಾಗಿ ಜಾರುತ್ತಿದ್ದರೂ ಇದೇ ತೊಂದರೆ. ಹೊಲಿಯುವಾಗ ಬಟ್ಟೆಯನ್ನು ಕೈಯಿಂದ ಎಳೆಯುವ ಅಭ್ಯಾಸವಿದ್ದರೆ ಬಿಡಿ, ಸೂಜಿ ಬಾಗಲು ಅದೂ ಒಂದು ಕಾರಣ.

ಕೊಬ್ಬರಿ ಎಣ್ಣೆ ಬೇಡವೇ ಬೇಡ

ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು ಕ್ರಮೇಣ ಅಂಟಾಗಿ ಯಂತ್ರವನ್ನು ಭಾರವಾಗಿಸುತ್ತದೆ. ಹೀಗಾಗಿದ್ದರೆ ಎಣ್ಣೆ ಬಿಡುವ ತೂತುಗಳಿಗೆ ಒಂದೆರಡು ಹನಿ ಸೀಮೆಎಣ್ಣೆ ಹಾಕಿ ಚಕ್ರ ತಿರುಗಿಸಿ, ಒರೆಸಿ, ಬಳಿಕ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಡಿ. ಈ ಕೆಲಸ ಗ್ಯಾಸ್ ಒಲೆಯಿಂದ ದೂರವಿರಲಿ. ಮೋಟಾರ್ ಇದ್ದರೆ ಪ್ಲಗ್ ತೆಗೆದಿರಲಿ. ಬಂಗಾರದ ಬಣ್ಣದ ಚಿತ್ತಾರದ ಮೇಲೆ ಸೀಮೆಎಣ್ಣೆ ತಾಗಿಸಬೇಡಿ, ಅಳಿಸಿಹೋದೀತು. ಕೊನೆಗೆ ಚಿಂದಿ ಬಟ್ಟೆಯ ಮೇಲೆ ಹೊಲಿದು, ಎಣ್ಣೆ ಕಲೆ ನಿಂತ ಮೇಲಷ್ಟೇ ಒಳ್ಳೆಯ ಬಟ್ಟೆ ಮುಟ್ಟಿ.

ಥಾಣೆ ಖಾರಿಯ ಅಕ್ಕಪಕ್ಕದ ಊರುಗಳಲ್ಲಿ ಮಳೆಗಾಲದ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆಯ ಹೊದಿಕೆಯೇ ವಾಸಿ.

ಮೆಕ್ಯಾನಿಕ್ ಬೇಕಾಗುವುದು ಯಾವಾಗ?

ಇಷ್ಟೆಲ್ಲ ಮಾಡಿದ ಮೇಲೂ ಹೊಲಿಗೆ ತಪ್ಪುತ್ತಿದ್ದರೆ, ಸೂಜಿ ಶಟಲ್‌ಗೆ ತಾಗಿ ಟಕ್ ಎನ್ನುತ್ತಿದ್ದರೆ ಅಥವಾ ಮೋಟಾರ್‌ನಿಂದ ಸುಟ್ಟ ವಾಸನೆ ಬಂದರೆ ನೀವಾಗಿ ಬಿಚ್ಚಲು ಹೋಗಬೇಡಿ. ಸೂಜಿ ಮತ್ತು ಶಟಲ್‌ನ ಹೊಂದಾಣಿಕೆ ತಪ್ಪಿದರೆ ಅದನ್ನು ಸರಿಪಡಿಸುವುದು ಪಳಗಿದ ಕೈಗಳ ಕೆಲಸ. ಎರಡು ಬಣ್ಣದ ದಾರದಲ್ಲಿ ಹೊಲಿದ ಆ ಬಟ್ಟೆಯ ತುಂಡನ್ನು ಮೆಕ್ಯಾನಿಕ್‌ಗೆ ತೋರಿಸಿ. ದೋಷ ಎಲ್ಲಿದೆ ಎಂದು ಹುಡುಕುವುದು ಅವರಿಗೂ ಸುಲಭ, ಬೇಡದ ಬಿಡಿಭಾಗಕ್ಕೆ ದುಡ್ಡು ಸುರಿಯುವುದು ನಿಮಗೂ ತಪ್ಪುತ್ತದೆ.