ಗೋಪುರದಲ್ಲಿ ಇನ್ನೊಂದು ಜೋಡಿ ಕಣ್ಣು

2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದವು. ಒಂದು ಕೋಲ್ಕತ್ತಕ್ಕೆ ಹೊರಟಿತ್ತು, ಇನ್ನೊಂದು ಭುವನೇಶ್ವರಕ್ಕೆ. ಒಂದೇ ರನ್‌ವೇ ಬಳಸಬೇಕೆಂಬ ತೀರ್ಮಾನ ಅಷ್ಟರಲ್ಲಾಗಲೇ ಆಗಿತ್ತು, ಆದರೆ ಅದು ದಕ್ಷಿಣದ ರನ್‌ವೇಯನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲುಪಿರಲಿಲ್ಲ. ಇಬ್ಬರು ನಿಯಂತ್ರಕರೂ ತಮ್ಮ ತಮ್ಮ ವಿಮಾನಕ್ಕೆ ಅನುಮತಿ ಕೊಟ್ಟರು. ಮೇಲೇರುತ್ತಿದ್ದಂತೆ ಎರಡೂ ವಿಮಾನಗಳು ಒಂದರ ದಾರಿಗೆ ಇನ್ನೊಂದು ವಾಲತೊಡಗಿದವು. ಇದನ್ನು ಕಂಡವರು ರಾಡಾರ್ ಪರದೆಯ ಮುಂದಿದ್ದ ಮೂರನೆಯ ನಿಯಂತ್ರಕರು. ಅವರು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಪ್ರಯಾಣಿಕರು ಏನೂ ಅರಿಯದೆ ಊರು ಸೇರಿದರು. ವಿಮಾನಯಾನದ ಸುರಕ್ಷತೆ ನಿಂತಿರುವುದು ಇಲ್ಲೇ. ತಪ್ಪೇ ಮಾಡದ ಮನುಷ್ಯರನ್ನು ಯಾವ ತರಬೇತಿಯೂ ತಯಾರು ಮಾಡಲಾರದು. ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಕೆಲಸವನ್ನು ಹಂಚಬಹುದು, ಅಷ್ಟೇ. ಸಿಬ್ಬಂದಿ ಕಡಿಮೆಯಾದಾಗ ಮೊದಲು ಕಾಣೆಯಾಗುವವರು ಈ ಇನ್ನೊಬ್ಬರು. ಕೊರತೆಯ ನಿಜವಾದ ಅಪಾಯ ದಣಿವಿಗಿಂತಲೂ ಹೆಚ್ಚಾಗಿ ಇದರಲ್ಲಿದೆ ಎಂಬುದು ನನ್ನ ವಾದ.

ನಿಯಂತ್ರಕರ ಕೆಲಸವನ್ನು ಹೊರಗಿನಿಂದ ನೋಡಿದರೆ ಮಾತಾಡುವುದಷ್ಟೇ ಕಾಣುತ್ತದೆ. ನಿಲ್ದಾಣದ ಸುತ್ತಲಿನ ಆಕಾಶದಲ್ಲಿ ರಾಡಾರಿನ ನೆರವಿರುವಾಗ ಸಾಮಾನ್ಯವಾಗಿ ಎರಡು ವಿಮಾನಗಳ ನಡುವೆ ಅಡ್ಡಲಾಗಿ ಮೂರು ನಾಟಿಕಲ್ ಮೈಲಿ ಅಥವಾ ಮೇಲೆ ಕೆಳಗೆ ಸಾವಿರ ಅಡಿ ಅಂತರ ಇರಬೇಕು. ಇದನ್ನು ಕಾಯಲು ನಿಯಂತ್ರಕರು ಈಗಿನ ಸ್ಥಿತಿಯನ್ನಲ್ಲ, ಇನ್ನು ಎರಡು ನಿಮಿಷದ ನಂತರದ ಸ್ಥಿತಿಯನ್ನು ತಲೆಯಲ್ಲಿ ಬರೆದುಕೊಳ್ಳುತ್ತಾ, ಪೈಲಟ್ ಮರುನುಡಿದ ಪ್ರತಿ ಅಂಕಿಯನ್ನು ತಾಳೆ ನೋಡುತ್ತಿರಬೇಕು. ಗಮನ ಎಂಬುದು ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಅಳೆಯಲು ಹೊರಟಿದ್ದರು. ಗಡಿಯಾರದಂಥ ಫಲಕದ ಮೇಲೆ ಮುಳ್ಳು ಎಂದೋ ಒಮ್ಮೆ ಎರಡು ಹೆಜ್ಜೆ ಜಿಗಿಯುವುದನ್ನು ಗುರುತಿಸುವುದಷ್ಟೇ ಅವರ ಪರೀಕ್ಷೆ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಆ ಜಿಗಿತಗಳನ್ನು ತಪ್ಪಿಸಿಕೊಳ್ಳತೊಡಗಿದರು. ಅವರು ಸೋಮಾರಿಗಳಾಗಿರಲಿಲ್ಲ. ಮಿದುಳು ಇರುವುದೇ ಹಾಗೆ. ಆದ್ದರಿಂದಲೇ ನಿಯಂತ್ರಕರಿಗೆ ನಡುನಡುವೆ ವಿರಾಮ ಕೊಟ್ಟು ಕುರ್ಚಿ ಬದಲಿಸುವ ಪದ್ಧತಿ ಇದೆ. ಬದಲಿ ಕೂರಲು ಜನ ಇಲ್ಲದಿದ್ದರೆ ಎರಡು ಕುರ್ಚಿಗಳ ಕೆಲಸವನ್ನು ಒಂದಕ್ಕೆ ಕೂಡಿಸಲಾಗುತ್ತದೆ.

ಹಾಗೆ ಕೂಡಿಸಿದಾಗ ಏನಾಗಬಹುದು ಎಂಬುದಕ್ಕೆ 2002ರ ಜುಲೈ 1ರ ರಾತ್ರಿ ಸಾಕ್ಷಿ. ದಕ್ಷಿಣ ಜರ್ಮನಿಯ ಯೂಬರ್‌ಲಿಂಗೆನ್ ಪಟ್ಟಣದ ಮೇಲಿನ ಆಕಾಶವನ್ನು ಸ್ವಿಸ್ ಸಂಸ್ಥೆ ಸ್ಕೈಗೈಡ್‌ನ ಜ್ಯೂರಿಕ್ ಕೇಂದ್ರ ನೋಡಿಕೊಳ್ಳುತ್ತಿತ್ತು. ಪಾಳಿಯಲ್ಲಿದ್ದವರು ಇಬ್ಬರು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು, ಉಳಿದವರು ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ಅದೇ ರಾತ್ರಿ ರಾಡಾರ್ ವ್ಯವಸ್ಥೆಯ ದುರಸ್ತಿ ನಡೆದಿತ್ತು, ಡಿಕ್ಕಿಯ ಅಪಾಯವನ್ನು ಪರದೆಯ ಮೇಲೆ ತೋರಿಸುವ ಎಚ್ಚರಿಕೆ ನಿಂತುಹೋಗಿತ್ತು, ಮುಖ್ಯ ದೂರವಾಣಿಯೂ ಬಂದ್ ಆಗಿತ್ತು. ತಡವಾಗಿ ಬಂದ ಒಂದು ಏರ್‌ಬಸ್‌ ಅನ್ನು ಫ್ರೀಡ್ರಿಶ್‌ಹಾಫೆನ್‌ಗೆ ಇಳಿಸಲು ಆ ನಿಲ್ದಾಣಕ್ಕೆ ಫೋನ್ ಮಾಡುವ ಯತ್ನದಲ್ಲೇ ಅವರ ಅಮೂಲ್ಯ ನಿಮಿಷಗಳು ಕಳೆದವು. ಇನ್ನೊಂದು ಪರದೆಯಲ್ಲಿ, ಮೂವತ್ತಾರು ಸಾವಿರ ಅಡಿ ಎತ್ತರದಲ್ಲಿ, ರಷ್ಯಾದ ಟುಪೊಲೆವ್ ಮತ್ತು ಡಿಎಚ್‌ಎಲ್‌ನ ಸರಕು ಬೋಯಿಂಗ್ ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತಿದ್ದವು. ಪಕ್ಕದ ಕಾರ್ಲ್‌ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಂಡಿತ್ತು, ಆದರೆ ಜ್ಯೂರಿಕ್‌ಗೆ ಕರೆ ಹೋಗುತ್ತಿರಲಿಲ್ಲ. ಡಿಕ್ಕಿಗೆ ಮುಕ್ಕಾಲು ನಿಮಿಷವೂ ಉಳಿದಿಲ್ಲದಾಗ ನಿಯಂತ್ರಕರು ಟುಪೊಲೆವ್‌ಗೆ ಕೆಳಗಿಳಿಯಲು ಹೇಳಿದರು. ಕೆಲವೇ ಸೆಕೆಂಡುಗಳಲ್ಲಿ ವಿಮಾನದೊಳಗಿನ ಡಿಕ್ಕಿ ತಪ್ಪಿಸುವ ಯಂತ್ರ ಟುಪೊಲೆವ್‌ಗೆ ಮೇಲೇರಲು, ಬೋಯಿಂಗ್‌ಗೆ ಇಳಿಯಲು ಹೇಳಿತು. ಬೋಯಿಂಗ್ ಯಂತ್ರದ ಮಾತು ಕೇಳಿತು, ಟುಪೊಲೆವ್ ಮನುಷ್ಯನ ಮಾತು ಕೇಳಿತು. ಎರಡೂ ಇಳಿದವು. ಸತ್ತ 71 ಮಂದಿಯಲ್ಲಿ ಹೆಚ್ಚಿನವರು ರಜೆಯ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಜರ್ಮನಿಯ ತನಿಖಾ ಸಂಸ್ಥೆ ಒಬ್ಬರತ್ತ ಬೆರಳು ತೋರಿಸಿ ಸುಮ್ಮನಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಕೂರುವುದನ್ನು ಆಡಳಿತ ವರ್ಷಗಟ್ಟಲೆ ಸಹಿಸಿಕೊಂಡು ಬಂದಿತ್ತು ಎಂದು ವರದಿಯಲ್ಲಿ ಬರೆಯಿತು. 2007ರಲ್ಲಿ ಸ್ವಿಸ್ ನ್ಯಾಯಾಲಯ ಶಿಕ್ಷೆ ವಿಧಿಸಿದವರಲ್ಲಿ ಮೇಲಧಿಕಾರಿಗಳಿದ್ದರು. ಆ ತೀರ್ಪು ಸರಿಯಾದ ಕಡೆಗೆ ನೋಡಿತು ಎಂದೇ ನನಗನಿಸುತ್ತದೆ.

ಇಂಥ ಅಪಘಾತಗಳಲ್ಲಿ ಮೂಲ ತಪ್ಪು ಬೇರೆಯವರದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕಾಮೇರ್ ವಿಮಾನ ತಪ್ಪು ರನ್‌ವೇಯಿಂದ ಓಡಿ 49 ಮಂದಿ ಸತ್ತಾಗ, ರನ್‌ವೇ ಗುರುತಿಸುವಲ್ಲಿ ಎಡವಿದವರು ಪೈಲಟ್‌ಗಳೇ. ಆದರೆ ಇಬ್ಬರಿರಬೇಕೆಂಬ ಸೂಚನೆಯಿದ್ದ ಗೋಪುರದಲ್ಲಿ ಅಂದು ಇದ್ದವರು ಒಬ್ಬರೇ. ಪಾಳಿಗೆ ಮುನ್ನ ಅವರು ಮಲಗಿದ್ದು ಸುಮಾರು ಎರಡು ಗಂಟೆ. ಅನುಮತಿ ಕೊಟ್ಟು ಅವರು ಕಚೇರಿ ಲೆಕ್ಕದ ಕೆಲಸಕ್ಕೆ ತಿರುಗಿದರು. ಇನ್ನೊಬ್ಬರಿದ್ದಿದ್ದರೆ ಖಂಡಿತ ತಪ್ಪುತ್ತಿತ್ತು ಎಂದು ಹೇಳಲು ಯಾರಿಂದಲೂ ಆಗದು. ಕಿಟಕಿಯಾಚೆ ನೋಡುವ ಒಂದು ಅವಕಾಶ ಇಲ್ಲವಾಯಿತು ಎಂಬುದಂತೂ ದಿಟ. 2025ರ ಜನವರಿ 29ರಂದು ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಬಳಿ ಸೇನೆಯ ಹೆಲಿಕಾಪ್ಟರ್ ಮತ್ತು ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 67 ಮಂದಿ ಸತ್ತ ಪ್ರಕರಣ ಇನ್ನೂ ತೊಡಕಿನದು. ಇಳಿಯುವ ದಾರಿಗೆ ತಾಗಿಕೊಂಡೇ ಹೆಲಿಕಾಪ್ಟರ್ ಮಾರ್ಗ ಎಳೆದದ್ದು ದೊಡ್ಡ ದೋಷ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿ ಹೆಲಿಕಾಪ್ಟರ್ ಮತ್ತು ವಿಮಾನ ತೀರಾ ಹತ್ತಿರ ಬಂದ 15,214 ಸಂದರ್ಭಗಳು ದಾಖಲಾಗಿದ್ದವು. ಡಿಕ್ಕಿಯಾದ ದಿನ ಹೆಲಿಕಾಪ್ಟರ್‌ಗಳ ಕುರ್ಚಿ ಮತ್ತು ವಿಮಾನಗಳ ಕುರ್ಚಿ ಎರಡನ್ನೂ ಒಬ್ಬರೇ ನೋಡುತ್ತಿದ್ದರು. ಹಾಗಾಗಿ ತಲೆ ಎಣಿಸಿದರೆ ಸಾಲದು, ಯಾವ ಹೊತ್ತಿನಲ್ಲಿ ಎಷ್ಟು ಕುರ್ಚಿ ತೆರೆದಿತ್ತು ಎಂಬುದನ್ನೇ ನೋಡಬೇಕು. ಕುರ್ಚಿ ಕೂಡಿಸುವುದು ದಿನನಿತ್ಯದ ರೂಢಿಯಾದ ಕಡೆ, ಅದು ಅಪಾಯ ಎಂದು ಯಾರಿಗೂ ಅನಿಸದೆ ಹೋಗುತ್ತದೆ.

ಹಾಗಾದರೆ ಜನರನ್ನು ನೇಮಿಸಿಕೊಳ್ಳಲು ಏನು ಅಡ್ಡಿ? ಕೊರತೆಯ ಬೇರು ಹಳೆಯದು. ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ನಿಯಂತ್ರಕರನ್ನು ಅಧ್ಯಕ್ಷ ರೇಗನ್ ವಜಾ ಮಾಡಿದರು. ಅವರ ಜಾಗಕ್ಕೆ ಒಟ್ಟಿಗೆ ಬಂದವರು ಒಟ್ಟಿಗೇ ನಿವೃತ್ತಿಯ ಅಂಚಿಗೆ ಬಂದರು, ಏಕೆಂದರೆ ಅಲ್ಲಿ 56 ವರ್ಷಕ್ಕೆ ಕುರ್ಚಿ ಬಿಡುವುದು ಕಡ್ಡಾಯ. 2023ರಲ್ಲಿ ಅಲ್ಲಿನ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಪರಿಶೀಲಿಸಿದ 26 ಪ್ರಮುಖ ಕೇಂದ್ರಗಳಲ್ಲಿ 20ರಲ್ಲಿ ಸಿಬ್ಬಂದಿ ಶೇ 85ರ ಮಿತಿಗಿಂತ ಕೆಳಗಿತ್ತು. ನ್ಯೂಯಾರ್ಕ್‌ನ ರಾಡಾರ್ ಕೇಂದ್ರದಲ್ಲಿ ಅದು ಶೇ 54. ತರಬೇತಿ ಶಾಲೆಯಿಂದ ಹೊರಬಂದವರನ್ನು ನೇರ ಕೂರಿಸುವಂತಿಲ್ಲ. ಪ್ರತಿ ಆಕಾಶದ ತುಂಡಿಗೂ ಬೇರೆ ಪರವಾನಗಿ ಬೇಕು, ಅದನ್ನು ಅನುಭವಿಗಳ ಪಕ್ಕದಲ್ಲಿ ಕೂತೇ ಗಳಿಸಬೇಕು. ಅನುಭವಿಗಳೇ ಕಡಿಮೆಯಾದಾಗ ಕಲಿಸುವವರೂ ಕಡಿಮೆ. ಭಾರತದಲ್ಲಿ ಪ್ರಯಾಗ್‌ರಾಜ್, ಹೈದರಾಬಾದ್ ಮತ್ತು ಗೊಂದಿಯಾದ ಕೇಂದ್ರಗಳಲ್ಲಿ ಕಲಿತು ಬರುವವರಿಗೂ ಇದೇ ಕ್ರಮ. ವಿಮಾನ ಖರೀದಿಸುವ ವೇಗದಲ್ಲಿ ನಿಯಂತ್ರಕರನ್ನು ಖರೀದಿಸಲಾಗದು.

ಯಂತ್ರಗಳು ಈ ಕೆಲಸ ಮಾಡುತ್ತವೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. 1996ರ ನವೆಂಬರ್‌ನಲ್ಲಿ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ಬಳಿಕ ಭಾರತ ಡಿಕ್ಕಿ ತಪ್ಪಿಸುವ ಯಂತ್ರವನ್ನು ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಅದೇ ಯಂತ್ರ ನೆಲಕ್ಕೆ ಹತ್ತಿರವಾದಾಗ ಏರು, ಇಳಿ ಎಂಬ ಆದೇಶ ಕೊಡುವುದಿಲ್ಲ. ವಾಷಿಂಗ್ಟನ್‌ನಲ್ಲಿ ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ ಕೇಳಿಸಿದ್ದು ಬರೀ ಎಚ್ಚರಿಕೆ. ಅತಿ ಹೆಚ್ಚು ದಟ್ಟಣೆ ಇರುವ ಕಡೆಯೇ ಅದರ ನೆರವು ಅತಿ ಕಡಿಮೆ. ಮೇಲಾಗಿ ಯಂತ್ರ ಕೆಟ್ಟ ದಿನ ಇನ್ನಷ್ಟು ಜನ ಬೇಕಾಗುತ್ತದೆ. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ವಿಮಾನಗಳ ಯೋಜನೆ ರವಾನಿಸುವ ಸಂದೇಶ ವ್ಯವಸ್ಥೆ ಕುಸಿದಾಗ ಆ ಕೆಲಸವನ್ನು ನಿಯಂತ್ರಕರು ಕೈಯಾರೆ ಮಾಡಬೇಕಾಯಿತು. ನೂರಾರು ವಿಮಾನಗಳು ತಡವಾದವು.

ಜನ ಕಡಿಮೆಯಾದರೆ ವಿಮಾನ ತಡವಾಗುತ್ತದೆಯೇ ಹೊರತು ಅಪಾಯ ಹೆಚ್ಚುವುದಿಲ್ಲ ಎಂಬುದು ಆಡಳಿತಗಳ ಕೊನೆಯ ಸಮಾಧಾನ. ದಟ್ಟಣೆಯನ್ನು ನಿಜಕ್ಕೂ ಇಳಿಸಿದಾಗ ಆ ಮಾತು ಸರಿ. 2025ರ ನವೆಂಬರ್‌ನಲ್ಲೇ, ಸರ್ಕಾರ ಸ್ಥಗಿತಗೊಂಡು ನಿಯಂತ್ರಕರು ಸಂಬಳವಿಲ್ಲದೆ ದುಡಿಯುತ್ತಿದ್ದಾಗ, ಅಮೆರಿಕ 40 ನಿಲ್ದಾಣಗಳಲ್ಲಿ ಹಾರಾಟ ಕಡಿತ ಮಾಡಿತು. ಪ್ರಯಾಣಿಕರು ಬೈದರು, ಆದರೆ ಅದು ಪ್ರಾಮಾಣಿಕ ಕ್ರಮ. ಅಂಥ ಆದೇಶ ಹೊರಬೀಳದ ಸಾಮಾನ್ಯ ದಿನಗಳಲ್ಲಿ ವೇಳಾಪಟ್ಟಿ ಹಾಗೇ ಉಳಿದು ಕುರ್ಚಿಗಳು ಮಾತ್ರ ಕೂಡಿಕೊಳ್ಳುತ್ತವೆ. ಅದನ್ನು ತಡೆಯುವ ದಾರಿ ಕಷ್ಟದ್ದೇನಲ್ಲ. ಪ್ರತಿ ಗೋಪುರವೂ ತಿಂಗಳಿಗೆ ಎಷ್ಟು ಗಂಟೆ ಕುರ್ಚಿ ಕೂಡಿಸಿತು, ಆ ಗಂಟೆಗಳಲ್ಲಿ ಎಷ್ಟು ವಿಮಾನ ನಿರ್ವಹಿಸಿತು ಎಂಬುದನ್ನು ಬಹಿರಂಗವಾಗಿ ಪ್ರಕಟಿಸಬೇಕು. ವಿಮಾನ ಕಂಪನಿಗಳಿಗೆ ಹೊಸ ವೇಳೆ ಹಂಚುವಾಗ ರನ್‌ವೇಯ ಉದ್ದ, ನಿಲುಗಡೆ ಜಾಗಗಳ ಜೊತೆಗೆ, ಆ ಹೊತ್ತಿಗೆ ಪರವಾನಗಿ ಪಡೆದ ಎಷ್ಟು ನಿಯಂತ್ರಕರು ಕೂರಬಲ್ಲರು ಎಂಬುದನ್ನೂ ಮಿತಿಯಾಗಿ ಹಾಕಬೇಕು.