ಕಂಪೈಲರ್ ಕಟ್ಟೋಕೆ ಬೀಗ ಹಾಕಿದ ಕೋಣೆ ಯಾಕೆ ಬೇಕು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಕೋಡಿಂಗ್ ಕಲಿಯೋ ಗೆಳೆಯರೆಲ್ಲ ಈ ಮಾತು ಕೇಳಿರ್ತೀರಿ: "ನನ್ನ ಲ್ಯಾಪ್‌ಟಾಪ್‌ನಾಗ ಓಡ್ತದ, ನಿನ್ನದ್ರಾಗ ಯಾಕ ಓಡವಲ್ದು?"

ನಾವು ಬರೆದ ಕೋಡನ್ನ ಯಂತ್ರದ ಭಾಷೆಗೆ ತಿರುಗಿಸೋದು ಕಂಪೈಲರ್. ಆದರೆ ಕಂಪೈಲರೂ ಒಂದು ಪ್ರೋಗ್ರಾಮೇ, ಅದನ್ನೂ ಯಾರೋ ಕಟ್ಟಬೇಕು. ಜಿಸಿಸಿ ಕಟ್ಟೋಕೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಅನ್ನೋ ಲೈಬ್ರರಿಗಳು ಬೇಕು. ನಿಮ್ಮ ಯಂತ್ರದಾಗ ಅವುಗಳ ಯಾವುದೋ ಹಳೇ ಆವೃತ್ತಿ ಬಿದ್ದಿದ್ರೆ, ಬಿಲ್ಡ್ ಸದ್ದಿಲ್ಲದೆ ಅದನ್ನೇ ಎತ್ಕೊಳ್ತದ. ನಾನು ಓದಿದ್ದು ಕಾಮರ್ಸ್. ನನ್ನ ಕಣ್ಣಿಗೆ ಇದು ವೋಚರ್ ಇಲ್ಲದ ಖರ್ಚು.

ಇದಕ್ಕೆ ಒಂದು ಉತ್ತರ ನಿಕ್ಸ್. ಎಲ್ಕೋ ಡೋಲ್‌ಸ್ಟ್ರಾ ಅನ್ನೋರು 2003ರಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಲಿನಕ್ಸ್‌ನಲ್ಲಿ ಇದು ಬಿಲ್ಡನ್ನ ಬೇರೆ ಕೋಣೆಯೊಳಗೆ ಕೂಡಿಹಾಕ್ತದ. ಒಳಗೆ ಇಂಟರ್ನೆಟ್ ಇಲ್ಲ, ನಿಮ್ಮ ಹೋಮ್ ಫೋಲ್ಡರ್ ಕಾಣೋದಿಲ್ಲ. ಸ್ಕ್ರಿಪ್ಟ್‌ನಾಗ ಹೆಸರು ಬರೆದ ಸಾಮಾನಷ್ಟೇ ಸಿಗೋದು. ಸೋರ್ಸ್ ಕೋಡಿನ ಹ್ಯಾಶ್ ಕೂಡ ಮೊದಲೇ ಬರೆದಿಡಬೇಕು. ಇಳಿಸಿಕೊಂಡ ಫೈಲಿನಾಗ ಒಂದಕ್ಷರ ಬೇರೆ ಇದ್ರೂ ಕೆಲಸ ಅಲ್ಲೇ ನಿಲ್ತದ. ಕಟ್ಟಿದ ಕಂಪೈಲರ್ ಹೋಗಿ ಕೂಡೋ ಫೋಲ್ಡರಿನ ಹೆಸರಿನಾಗೂ ಹ್ಯಾಶ್ ಇರ್ತದ, ಹಂಗಾಗಿ ಹಳೇದು ಹೊಸದು ಜಗಳವಿಲ್ಲದೆ ಪಕ್ಕಪಕ್ಕ ಇರ್ತಾವ. (ಮಸ್ಕಿಯವರಿಗೆ ಇದು ಬೇಗ ತಿಳೀತದ. 'ದೇವಾನಾಂಪ್ರಿಯ' ಅನ್ನೋದು ಬಿರುದು; 1915ರಲ್ಲಿ ಸಿಕ್ಕ ನಿಮ್ಮೂರ ಶಾಸನದಾಗ ಅಶೋಕ ಅನ್ನೋ ಹೆಸರೇ ಇತ್ತು. 'ಜಿಸಿಸಿ 13' ಬಿರುದು, ಹ್ಯಾಶ್ ಹೆಸರು.)

ಜಿಸಿಸಿ ತನ್ನನ್ನ ತಾನೇ ಮೂರು ಸಲ ಕಟ್ಕೊಳ್ತದ. ಹಳೇ ಕಂಪೈಲರ್ ಮೊದಲನೇದನ್ನ ಕಟ್ಟುತ್ತೆ, ಮೊದಲನೇದು ಎರಡನೇದನ್ನ, ಎರಡನೇದು ಮೂರನೇದನ್ನ. ಕೊನೇ ಎರಡನ್ನೂ ಹೋಲಿಸಿದಾಗ ತಾಳೆ ಆಗದಿದ್ರೆ ಬಿಲ್ಡ್ ಫೇಲ್.

ಸರಿ, ಆ ಹಳೇ ಕಂಪೈಲರನ್ನ ಕಟ್ಟಿದ್ಯಾರು? ಅಸಲಿ ತಲೆನೋವು ಇದೇ. ಸೋರ್ಸ್ ಕೋಡಿನಾಗ ಸುಳಿವೇ ಸಿಗದಂಗೆ ಕಂಪೈಲರ್ ಒಳಗೆ ಕಳ್ಳಬಾಗಿಲು ಇಡಬಹುದು ಅಂತ ಕೆನ್ ಥಾಂಪ್ಸನ್ 1984ರಲ್ಲೇ ತೋರಿಸಿದ್ರು. ನಿಮ್ಮ ಫೋನಿನ ಯುಪಿಐ ಆ್ಯಪ್ ಕೂಡ ಯಾವುದೋ ಕಂಪೈಲರ್ ದಾಟಿಯೇ ಬಂದಿರೋದು. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಸಿಂಧನೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಬಿತ್ತನೆ ಬೀಜದಾಗೇ ಬೆರಕೆ ಇದ್ರೆ ಗದ್ದೆಯಲ್ಲಿ ಎಷ್ಟು ದುಡಿದ್ರೂ ಬೆರಕೆ ಬೆರಕೆಯೇ. ನಿಕ್ಸ್‌ನ ದಾರಿಯಲ್ಲೇ ಬಂದ ಗೀಕ್ಸ್ ತಂಡ 2023ರಲ್ಲಿ ಬೀಜವನ್ನೇ ಸಣ್ಣದು ಮಾಡಿತು. ಬರೀ 357 ಬೈಟ್‌ನ ಪ್ರೋಗ್ರಾಮಿನಿಂದ ಶುರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಜಿಸಿಸಿವರೆಗೆ ಏರೋದು. ಅಷ್ಟನ್ನ ಒಂದು ಪುಟದಾಗ ಬರೆದು, ಮನುಷ್ಯರೇ ಕೂತು ಓದಿ ನೋಡಬಹುದು.

ಸಾಧಾರಣ ಲ್ಯಾಪ್‌ಟಾಪ್‌ನಾಗ ಜಿಸಿಸಿ ಕಟ್ಟೋದು ಗಂಟೆಗಟ್ಟಲೆ ಕೆಲಸ, ನಡುವೆ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಅದಕ್ಕೆ ಟಿಸಿಸಿ ಅನ್ನೋ ಪುಟ್ಟ ಸಿ ಕಂಪೈಲರ್‌ನಿಂದ ಶುರು ಮಾಡ್ರಿ. ಬಿಚ್ಚು, ಕಾನ್ಫಿಗರ್, ಮೇಕ್, ಇನ್‌ಸ್ಟಾಲ್: ನಾಲ್ಕೂ ಹೆಜ್ಜೆ ಒಂದೇ ಸ್ಕ್ರಿಪ್ಟ್‌ನಾಗ ಇರಲಿ. ಕೋಣೆಯೊಳಗೆ ಅದು ನಡುವೆ ನಿಂತು 'ಇಂಥ ಫೈಲ್ ಇಲ್ಲ' ಅಂದ್ರೆ ಗಾಬರಿ ಬ್ಯಾಡ. ನೀವು ಬರೆಯದೆ ಬಿಟ್ಟ ಸಾಮಾನಿನ ಹೆಸರನ್ನ ಅದೇ ಹೇಳಿಕೊಡ್ತಿರ್ತದ.